ಅಟ್ಟದಲ್ಲಿ ಬೀಟೆ ಬಾಗಿಲು ಇರುವಾಗ ಕೋಕೊಬೊಲೊ ಏಕೆ?

ಸಕಲೇಶಪುರದ ಹಳೆಯ ಮನೆ ಕೆಡವಿದಾಗ ಸಿಕ್ಕ ಬೀಟೆ ಬಾಗಿಲು ಅಟ್ಟದಲ್ಲಿದೆ ಎಂದು ನೀವೇ ಬರೆದಿದ್ದೀರಿ. ಆಮೇಲೆ, ಕೈಯಾರೆ ಮಾಡಲಿರುವ ಮೊದಲ ಗಿಟಾರಿನ ಬೆನ್ನು, ಪಕ್ಕಗಳಿಗೆ ಕೋವಾ, ಕೋಕೊಬೊಲೊ, ಜಿರಿಕೋಟೆ ಎಂಬ ವಿದೇಶಿ ಮರಗಳಲ್ಲಿ ಯಾವುದನ್ನು ತರಿಸಲಿ ಎಂದು ಕೇಳಿದ್ದೀರಿ. ಯಾವುದೂ ಬೇಡ. ಜಿರಿಕೋಟೆ ನೋಡಲು ಚೆಂದ, ಆದರೆ ಸುಲಭವಾಗಿ ಸೀಳುತ್ತದೆ. ಕೋಕೊಬೊಲೊದಲ್ಲಿ ಎಣ್ಣೆಯಂಶ ಹೆಚ್ಚು, ಅಂಟು ಹಿಡಿಯಲು ಸತಾಯಿಸುತ್ತದೆ, ಅದರ ಧೂಳಿಗೆ ಹಲವರ ಮೈ ಕೆರೆತ ಏಳುತ್ತದೆ. ಕೋವಾ ಒಳ್ಳೆಯ ಮರವೇ, ಆದರೆ ಹವಾಯಿಯಿಂದ ಬರಬೇಕು, ಬೆಲೆಯೂ ಹಾಗೆಯೇ.

ಬ್ರೆಜಿಲ್ ತನ್ನ ಬೀಟೆ ದಿಮ್ಮಿಗಳ ರಫ್ತನ್ನು ತಡೆದ ಮೇಲೆ ಅಮೆರಿಕದ ಮಾರ್ಟಿನ್ ಕಂಪನಿ 1969ರ ಹೊತ್ತಿಗೆ ತನ್ನ ಪ್ರಸಿದ್ಧ ಗಿಟಾರುಗಳಿಗೆ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಭಾರತದ ಬೀಟೆಯನ್ನೇ ಹಿಡಿಯಿತು. ಅಲ್ಲಿಯವರಿಗೆ ವಿದೇಶಿ ಮರ ಎಂದರೆ ನಿಮ್ಮ ಬಾಗಿಲು.

ಇನ್ನೊಂದು ಮಾತು. ಬೆನ್ನಿಗೆ, ಪಕ್ಕಕ್ಕೆ ಯಾವ ಮರ ಎನ್ನುವುದು ನಾದವನ್ನು ನಾವು ಅಂದುಕೊಂಡಷ್ಟು ಬದಲಿಸುವುದಿಲ್ಲ. ಸ್ಪೇನಿನ ಗಿಟಾರು ತಯಾರಕ ಆಂಟೋನಿಯೊ ಡಿ ಟೊರೆಸ್ 1862ರಲ್ಲಿ ಬೆನ್ನು, ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆಯನ್ನು ಮಾತ್ರ ಮರದಲ್ಲಿ ಮಾಡಿ ತೋರಿಸಿದ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಬೆನ್ನು, ಪಕ್ಕಗಳ ಮರವೊಂದನ್ನೇ ಬದಲಿಸಿದ ಆರು ಗಿಟಾರುಗಳನ್ನು ಕಾಣದಂತೆ 52 ವಾದಕರ ಕೈಗೆ ಕೊಟ್ಟಾಗ, ದುಬಾರಿ ಮರ ಯಾವುದು, ಅಗ್ಗದ್ದು ಯಾವುದು ಎಂದು ನಂಬುವಂತೆ ಗುರುತಿಸಲು ಆಗಲಿಲ್ಲ. ಆದ್ದರಿಂದ ಹಣ ಖರ್ಚು ಮಾಡುವುದಿದ್ದರೆ ಮೇಲ್ಹಲಗೆಗೆ ಮಾಡಿ. ಸಿಟ್ಕಾ ಸ್ಪ್ರೂಸ್ ಎಂಬ ಹಗುರ ಮರದ ಒಂದು ಜೊತೆ ಒಳ್ಳೆಯ ಹಲಗೆ ತರಿಸಿ. ತುದಿಯಿಂದ ನೋಡಿದರೆ ವಾರ್ಷಿಕ ಗೆರೆಗಳು ಹಲಗೆಯ ಮುಖಕ್ಕೆ ನೇರ ಲಂಬವಾಗಿರಬೇಕು. ಓರೆಯಾಗಿದ್ದರೆ ಹಿಂದಿರುಗಿಸಿ.

ಈಗ ಬಾಗಿಲಿನ ವಿಷಯ. ಮೊದಲು ಅಯಸ್ಕಾಂತ ಆಡಿಸಿ ಒಳಗಿನ ಮೊಳೆಗಳನ್ನೆಲ್ಲ ಹುಡುಕಿ ತೆಗೆಯಿರಿ. ಬೆನ್ನಿಗೆ ಸುಮಾರು 55 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ಎರಡು ಹೋಳು, ಪಕ್ಕಗಳಿಗೆ 80 ಸೆಂ.ಮೀ.ಗಿಂತ ಉದ್ದದ, 12 ಸೆಂ.ಮೀ. ಅಗಲದ ಎರಡು ಪಟ್ಟಿ ಬೇಕು. ಸಾ ಮಿಲ್ಲಿಗೆ ಒಯ್ಯಬೇಡಿ. ಅಲ್ಲಿನ ದಪ್ಪ ಗರಗಸ ನಿಮ್ಮ ಬೀಟೆಯಲ್ಲಿ ದೊಡ್ಡ ಪಾಲನ್ನು ಹೊಟ್ಟು ಮಾಡಿಬಿಡುತ್ತದೆ. ತೆಳು ಬ್ಲೇಡಿನ ಬ್ಯಾಂಡ್ ಸಾ ಇರುವ ಪೀಠೋಪಕರಣದವರನ್ನು ಹುಡುಕಿ 4 ಮಿ.ಮೀ. ಹಾಳೆಗಳಾಗಿ ಸೀಳಿಸಿ. ಹಲಗೆ ಅಗಲ ಸಾಲದಿದ್ದರೆ ಮೂರು ತುಂಡಿನ ಬೆನ್ನು ಮಾಡಿ, ಸಂಕೋಚ ಬೇಡ: ಮಾರ್ಟಿನ್ನಿನ ಡಿ-35 ಮಾದರಿ 1965ರಲ್ಲಿ ಬಂದಿದ್ದೇ ಅಗಲ ಕಡಿಮೆಯಾದ ಬೀಟೆಯನ್ನು ಹೀಗೆ ಬಳಸಿಕೊಳ್ಳಲು. ಮತ್ತು ಊರಿನಿಂದ ಮರ ಸಾಗಿಸುವ ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕಾಗದಪತ್ರ ವಿಚಾರಿಸಿಕೊಳ್ಳಿ. ಹಳೆಯ ಬಾಗಿಲು ಎಂದು ತನಿಖಾ ಠಾಣೆಯಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ಸಾಕಾಗದು.

ಸೀಳಿದ ಹಾಳೆಗಳ ನಡುವೆ ಸಣ್ಣ ಕಡ್ಡಿಗಳನ್ನಿಟ್ಟು ಜೋಡಿಸಿ, ಗಾಳಿಯಾಡುವಂತೆ ಬಿಡಿ. ವಾರಕ್ಕೊಮ್ಮೆ ತೂಕ ಮಾಡಿ; ತೂಕ ಇಳಿಯುವುದು ನಿಂತ ಮೇಲೆ ಮಾತ್ರ ಕೀಸುಳಿ ಹಿಡಿಯಿರಿ. ಕೊನೆಗೆ ಬೆನ್ನು 2.5, ಪಕ್ಕ 2.1, ಸ್ಪ್ರೂಸ್ 2.8 ಮಿ.ಮೀ. ಆಸುಪಾಸಿಗೆ ಬರಲಿ.

ನಮ್ಮ ಕಡೆ ಗಿಟಾರ್ ಕೆಡುವುದು ಉಳಿಯಿಂದಲ್ಲ, ಹವೆಯಿಂದ. ಮಲೆನಾಡಿನಲ್ಲಿ ಆಷಾಢದ ಮಳೆಯಲ್ಲಿ ತೇವಾಂಶ ಶೇ. 80 ದಾಟಿರುತ್ತದೆ. ಆಗ ಸ್ಪ್ರೂಸ್ ಉಬ್ಬಿರುತ್ತದೆ. ಅದೇ ಸ್ಥಿತಿಯಲ್ಲಿ ಬ್ರೇಸ್‌ಗಳನ್ನು, ಅಂದರೆ ಹಲಗೆಗೆ ಒಳಗಿನಿಂದ ಬಲ ಕೊಡುವ ಮರದ ಪಟ್ಟಿಗಳನ್ನು, ಅಂಟಿಸಿ, ಮಾರ್ಚಿನ ಒಣ ಬೆಂಗಳೂರಿಗೆ ತಂದರೆ 40 ಸೆಂ.ಮೀ. ಅಗಲದ ಹಲಗೆ ಮೂರು–ನಾಲ್ಕು ಮಿ.ಮೀ. ಕುಗ್ಗಲು ನೋಡುತ್ತದೆ. ಅಡ್ಡ ಹಾಯುವ ಬ್ರೇಸ್ ಎಳೆಯುದ್ದಕ್ಕೆ ಇರುವುದರಿಂದ ಕುಗ್ಗುವುದಿಲ್ಲ, ಬಿಡುವುದೂ ಇಲ್ಲ. ಸೀಳುವುದು ಹಲಗೆಯೇ. ಒಣಗಿದ್ದಾಗ ಅಂಟಿಸಿದ್ದು ಮಳೆಗಾಲದಲ್ಲಿ ಸ್ವಲ್ಪ ಉಬ್ಬಿದರೆ ಅಷ್ಟು ಅಪಾಯವಿಲ್ಲ. ಹಾಗಾಗಿ ಬ್ರೇಸ್ ಕೆಲಸವನ್ನು ಜನವರಿ–ಫೆಬ್ರವರಿಗೆ ಇಟ್ಟುಕೊಳ್ಳಿ, ಗಾಳಿಯ ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ಕೊಂಡು ಕೋಣೆ ಶೇ. 45–50ರಲ್ಲಿರುವಾಗ ಮಾತ್ರ ಅಂಟು ಹಚ್ಚಿ. ಮಂಗಳೂರಿನ ಗೆಳೆಯರಿಗೆ ಎಸಿ ಅಥವಾ ತೇವ ಹೀರುವ ಯಂತ್ರ (ಡಿಹ್ಯುಮಿಡಿಫೈಯರ್) ಇಲ್ಲದೆ ಇದು ಕಷ್ಟ.

ಅಂಟಿಸುವ ಮುಂಚೆ ಬೀಟೆಯನ್ನು ಅಸಿಟೋನಿನಿಂದ ಒರೆಸಿ, ಎಣ್ಣೆ ಹೋಗಲಿ. ಮಾಮೂಲಿ ಬಿಳಿ ಅಂಟು ಬೇಡ. ಉಕ್ಕಿನ ತಂತಿಗಳ ಎಳೆತ ಒಟ್ಟು 70 ಕಿಲೋ ದಾಟುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಆ ಅಂಟು ಮೆದುವಾಗಿ ಜಾರುತ್ತದೆ. ವಾದ್ಯಗಳಿಗೆಂದೇ ಸಿಗುವ ಹಳದಿ ಅಂಟು ಅಥವಾ ಬಿಸಿ ಮಾಡಿ ಹಚ್ಚುವ ಚರ್ಮದ ಅಂಟು ಸರಿ.

ಪಕ್ಕ ಬಗ್ಗಿಸುವುದಕ್ಕೆ ಎಲ್ಲರೂ ಹೆದರುತ್ತಾರೆ, ಆದರೆ ಬೀಟೆ ಇದರಲ್ಲಿ ಸಾಧು ಮರ. ದಪ್ಪ ಕಬ್ಬಿಣದ ಪೈಪನ್ನು ಒಳಗಿನಿಂದ ಕಾಯಿಸಿ. ಹನಿ ನೀರು ಬಿದ್ದರೆ ಪುಟಿದು ಓಡುವಷ್ಟು. ಪಟ್ಟಿಯನ್ನು ಒದ್ದೆ ಮಾಡಿ, ಸೊಂಟದ ತಿರುವಿನಿಂದ ಶುರು ಮಾಡಿ. ಬಲ ಹಾಕಬಾರದು, ಮರ ಕೈಗೆ ಮೆತ್ತಗಾದದ್ದು ಗೊತ್ತಾಗುತ್ತದೆ, ಆಗ ಒತ್ತಿ. ಬೀಟೆಯ ಧೂಳೂ ಕೆಟ್ಟದ್ದೇ, ಮಾಸ್ಕ್ ಇಲ್ಲದೆ ಉಜ್ಜಬೇಡಿ. ನೆಕ್‌ಗೆ, ಅಂದರೆ ಗಿಟಾರಿನ ಕುತ್ತಿಗೆಗೆ, ಚೆನ್ನಾಗಿ ಒಣಗಿದ ಮಹಾಗನಿ ಸಾಕು.

ನೆಕ್ ಮೇಲೆ ಅಡ್ಡಲಾಗಿ ಕೂರಿಸುವ ಲೋಹದ ಪಟ್ಟಿಗಳಾದ ಫ್ರೆಟ್‌ಗಳ ಲೆಕ್ಕ ಸುಲಭ. ತಂತಿಯ ಉದ್ದ 645 ಮಿ.ಮೀ. ಎಂದಿಟ್ಟುಕೊಳ್ಳಿ, 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ ತಂತಿಯ ಮೇಲ್ತುದಿಯಿಂದ 36.2 ಮಿ.ಮೀ.ನಲ್ಲಿ. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸುತ್ತ ಹೋಗಿ. ತಂತಿಗಳ ಕೆಳತುದಿಯನ್ನು ಹಿಡಿಯುವ ಬ್ರಿಜ್ ಅಂಟಿಸುವಾಗ ಮಾತ್ರ 645ಕ್ಕೇ ನಿಲ್ಲಬೇಡಿ. ಬ್ರಿಜ್ ಮೇಲೆ ತಂತಿಗಳು ಕೂರುವ ಸಣ್ಣ ಪಟ್ಟಿ, ಅಂದರೆ ಸ್ಯಾಡಲ್, ಎರಡು–ಮೂರು ಮಿ.ಮೀ. ಹಿಂದಿರಲಿ, ದಪ್ಪ ತಂತಿಯ ಕಡೆ ಇನ್ನೂ ತುಸು ಹಿಂದಕ್ಕೆ ವಾಲಿರಲಿ. ಇಲ್ಲದಿದ್ದರೆ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ಏರಿಯೇ ಕೇಳುತ್ತದೆ.