ಅಜ್ಜ ಬಿಟ್ಟುಹೋದ 1930ರ ಫೋರ್ಡ್ ಚಾಸಿ ಮೇಲೆ ಹಾಟ್ ರಾಡ್ ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ಓದಿ ನನ್ನದೇ ಹಳೆಯ ದಿನಗಳು ನೆನಪಾದವು. ಹೆಂಡತಿಯ ಅಜ್ಜ ತೀರಿಕೊಂಡ ಮೇಲೆ ಅವರ ಶೆಡ್ಡಿನಲ್ಲಿದ್ದ 1930ರ ಫೋರ್ಡ್ ಮಾಡೆಲ್ ಎ ಚಾಸಿ, ಅಂದರೆ ಕಾರಿನ ಅಡಿಯ ಕಬ್ಬಿಣದ ಚೌಕಟ್ಟು, ನಿಮ್ಮ ಪಾಲಿಗೆ ಬಂದಿದೆ. ನೀವು ಇರುವುದು ಸ್ಯಾಕ್ರಮೆಂಟೊ ಹತ್ತಿರ. ವೆಲ್ಡಿಂಗ್ ಸ್ವಲ್ಪ ಬರುತ್ತದೆ. ಹಳೇ ಕಾಲದ ರೀತಿಯಲ್ಲೇ ಹಾಟ್ ರಾಡ್ (ಹಳೆ ಕಾರನ್ನು ಹಗುರ ಮಾಡಿ ವೇಗಕ್ಕೆಂದು ಕಟ್ಟಿದ ಗಾಡಿ) ಕಟ್ಟುವ ಆಸೆ. ಆದರೆ ಸ್ನೇಹಿತರೊಬ್ಬರು ‘ಅದನ್ನು ಗುಜರಿಗೆ ಹಾಕು, ಹೊಸ ಚಾಸಿ ತರಿಸು’ ಅನ್ನುತ್ತಿದ್ದಾರೆ. ಏನು ಮಾಡಲಿ ಅಂತ ಕೇಳಿದ್ದೀರಿ.

ಗುಜರಿಗೆ ಹಾಕಬೇಡಿ. ಗ್ರೈಂಡರನ್ನೂ ಈಗಲೇ ಕೈಗೆ ತೆಗೆದುಕೊಳ್ಳಬೇಡಿ. ಅಜ್ಜ ಅದರ ಮೇಲೆ ಏನೇನು ಕೆಲಸ ಮಾಡಿಟ್ಟಿದ್ದಾರೆ ಅಂತ ಮೊದಲು ನಿಧಾನವಾಗಿ ನೋಡಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನು ಹಾಗೆ ನೋಡದೆ ದೊಡ್ಡ ತಪ್ಪು ಮಾಡುವುದರಲ್ಲಿದ್ದೆ.

ನಾನು ದಾವಣಗೆರೆಯವನು. ರಿವರ್‌ಸೈಡ್ ಕಡೆ ಬಂದು ಇಪ್ಪತ್ತೆರಡು ವರ್ಷವಾಯಿತು. ಹೆಂಡತಿ ಇಲ್ಲಿಯವಳೇ. ಮಾವನವರು ಲೇತ್ ಕೆಲಸದಲ್ಲಿ ಪಳಗಿದವರು. ಹರೆಯದಲ್ಲಿ ಎಲ್ ಮಿರಾಜ್ ಒಣಕೆರೆಯ ಮೇಲೆ ಕಾರು ಓಡಿಸಿದವರು. ಅವರು ಹೋದ ಮೇಲೆ ನನಗೆ ಬಂದದ್ದು 1932ರ ಫೋರ್ಡ್ ಚಾಸಿ. ಬಾಡಿ ಇಲ್ಲ, ಎಂಜಿನ್ ಇಲ್ಲ. ಎರಡು ಉದ್ದ ಚಾನೆಲ್, ನಡುವೆ ಅಡ್ಡತೊಲೆಗಳು, ಮೈ ತುಂಬಾ ತೂತು. ಮುಂದಿನ ಅಡ್ಡತೊಲೆ ಪುಸ್ತಕದ ಚಿತ್ರದಲ್ಲಿ ಇದ್ದಂತೆ ಇರಲಿಲ್ಲ. ಯಾರೋ ಹಾಳು ಮಾಡಿದ್ದಾರೆ, ಕತ್ತರಿಸಿ ಸರಿಯಾದದ್ದು ಹಾಕೋಣ ಅಂತ ಸೀಮೆಸುಣ್ಣದಲ್ಲಿ ಗೆರೆಯನ್ನೂ ಎಳೆದಿದ್ದೆ. ಪೊಮೋನಾದಲ್ಲಿ ಹಳೆ ಬಿಡಿಭಾಗಗಳ ಸಂತೆ ನಡೆಯುತ್ತದೆ. ಅಲ್ಲಿ ಒಬ್ಬ ಹಿರಿಯರಿಗೆ ಫೋಟೋ ತೋರಿಸಿದೆ. ಅವರು ನಕ್ಕರು. ‘ಅದು ಮಾಡೆಲ್ ಎ ಅಡ್ಡತೊಲೆ. ಮುಂಭಾಗ ತಗ್ಗಲಿ ಅಂತ ಬೇಕೆಂದೇ ಹಾಕಿದ್ದಾರೆ. ಮುಟ್ಟಬೇಡ’ ಅಂದರು. 1932ರ ಚಾನೆಲ್‌ಗೆ ಮಾಡೆಲ್ ಎ ಅಡ್ಡತೊಲೆ ಕೂರಿಸುವುದು ಆ ಕಾಲದ ಹುಡುಗರ ಹಳೆಯ ಉಪಾಯ. ಅಂದರೆ ನನ್ನ ಕೈಯಲ್ಲಿದ್ದದ್ದು ಕೆಟ್ಟುಹೋದ ಚಾಸಿ ಅಲ್ಲ, ಅರ್ಧ ಕಟ್ಟಿದ್ದ ಹಾಟ್ ರಾಡ್.

ನಿಮ್ಮದೂ ಹಾಗೇ ಇರಬಹುದು. ಹಿಂದುಗಡೆ ಚಾನೆಲ್ ಕತ್ತರಿಸಿ ಮೆಟ್ಟಿಲಿನ ಹಾಗೆ ಮೇಲೆ ಎತ್ತಿ ಬೆಸೆದಿದ್ದಾರಾ? ಅದು ಕಾರು ನೆಲಕ್ಕೆ ಹತ್ತಿರ ಕೂರಲಿ ಅಂತ ಮಾಡುವ ಕೆಲಸ. ಮುಂದಿನ ಆಕ್ಸಲ್ ಹಿಡಿಯುವ ವಿಷ್‌ಬೋನ್ ಕಂಬಿಯ ತುದಿ ನಡುವಿನಲ್ಲಿ ಸೇರದೆ, ಸೀಳಿ ಎರಡೂ ಬದಿಯ ಚಾನೆಲ್‌ಗೆ ಬಿಗಿಯುವಂತೆ ಬ್ರಾಕೆಟ್ ಇದೆಯಾ? ಎಂಜಿನ್ ಕೂರುವ ಜಾಗದಲ್ಲಿ ಫೋರ್ಡ್ ಕಂಪನಿ ಕೊಡದ ತೂತುಗಳಿವೆಯಾ? ಇದ್ದರೆ ಅಜ್ಜನ ಮನಸ್ಸಿನಲ್ಲಿ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಇದ್ದಿರಬಹುದು. ಪ್ರತಿ ತೂತಿನ ಫೋಟೋ ತೆಗೆಯಿರಿ, ಅಳತೆ ಬರೆದಿಡಿ. ಎರಡು ಭಾನುವಾರ ಹೋಗುತ್ತದೆ, ಹೋಗಲಿ.

ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು. ಹಾಟ್ ರಾಡ್ ಹುಟ್ಟಿದ್ದು ದುಡ್ಡಿಲ್ಲದ ಹುಡುಗರ ಕೈಯಲ್ಲಿ. ಲಾಸ್ ಏಂಜಲೀಸ್ ಸುತ್ತಲಿನ ಹುಡುಗರು 1930ರ ದಶಕದಲ್ಲಿ ಹಳೆ ಫೋರ್ಡ್ ಕಾರನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡು, ಬಂಪರು ಎಲ್ಲ ಕಿತ್ತು ಹಗುರ ಮಾಡಿ, ಎಂಜಿನ್ ಹುರುಪುಗೊಳಿಸಿ ಮ್ಯುರಾಕ್, ಎಲ್ ಮಿರಾಜ್ ಒಣಕೆರೆಗಳ ಮೇಲೆ ಓಡಿಸುತ್ತಿದ್ದರು. 1937ರಲ್ಲಿ ಅವರ ಕ್ಲಬ್‌ಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಆಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಹುಚ್ಚು ದೇಶವಿಡೀ ಹಬ್ಬಿತು. 1948ರಲ್ಲಿ ಅದಕ್ಕೆಂದೇ ಒಂದು ಪತ್ರಿಕೆ ಬಂತು, 1949ರಲ್ಲಿ ಯೂಟಾದ ಬಾನ್‌ವಿಲ್ ಉಪ್ಪಿನ ಬಯಲಲ್ಲಿ ಮೊದಲ ವೇಗದ ವಾರ ನಡೆಯಿತು. ಇವತ್ತು ‘ಟ್ರೆಡಿಷನಲ್’ ಅನ್ನುವುದು ಸುಮಾರು 1960ರ ದಶಕದ ನಡುವಿನವರೆಗೆ ಸಿಗುತ್ತಿದ್ದ ಭಾಗ, ಆಗಿನ ರೀತಿಗಳಿಂದ ಕಟ್ಟಿದ ಕಾರನ್ನು. ತುಕ್ಕನ್ನೇ ಶೃಂಗಾರ ಅಂತ ಬಿಟ್ಟ ಕಾರುಗಳೂ ಈಗ ಜಾಸ್ತಿ ಕಾಣುತ್ತವೆ. ಆ ಕಾಲದ ಹುಡುಗರಿಗೆ ತುಕ್ಕು ಬೇಕಿರಲಿಲ್ಲ. ಕೈಯಲ್ಲಿದ್ದ ಕಾಸಿಗೆ ಸಿಗುವ ಅತ್ಯಂತ ಅಚ್ಚುಕಟ್ಟಾದ ಕಾರು ಬೇಕಿತ್ತು.

ಇನ್ನು ಕಾಗದಪತ್ರ. ಹಳೆ ಚಾಸಿ ಉಳಿಸಿಕೊಳ್ಳಿ ಅನ್ನುವುದಕ್ಕೆ ಪ್ರೀತಿಯಷ್ಟೇ ಇದೂ ಕಾರಣ. ಮಾಡೆಲ್ ಎ ಚಾಸಿಯ ಎಡ ಚಾನೆಲ್ ಮೇಲ್ಮೈಯಲ್ಲಿ, ಡ್ಯಾಶ್‌ಬೋರ್ಡಿನ ಮುಂದಿನ ತಗಡು ಬರುವ ಜಾಗದ ಹತ್ತಿರ, ‘ಎ’ ಅಕ್ಷರದಿಂದ ಶುರುವಾಗುವ ನಂಬರು ಅಚ್ಚೊತ್ತಿರುತ್ತದೆ. ಬಾಡಿ ಕೂತಿದ್ದರೆ ಕಾಣುವುದಿಲ್ಲ. ನಿಮ್ಮದು ಬರೀ ಚಾಸಿ ಅಲ್ವಾ, ಪುಣ್ಯ. ಮೆತ್ತಗೆ ತಂತಿ ಬ್ರಷ್ ಆಡಿಸಿ, ಅಷ್ಟೇ. ಅಲ್ಲಿ ಗ್ರೈಂಡರ್ ಮುಟ್ಟಿಸಿದರೆ ಕಾರಿನ ಹೆಸರೇ ಅಳಿಸಿದಂತೆ. ಕಾರ್ಖಾನೆಯಲ್ಲಿ ಎಂಜಿನ್ ಮೇಲಿದ್ದ ನಂಬರನ್ನೇ ಚಾಸಿಗೂ ಹೊಡೆಯುತ್ತಿದ್ದರು. ಹಳೆ ಟೈಟಲ್‌ನಲ್ಲಿ (ಒಡೆತನದ ಪತ್ರದಲ್ಲಿ) ಇರುವುದು ಎಂಜಿನ್ ನಂಬರ್. ಮುಂದೆ ಯಾವಾಗಲೋ ಎಂಜಿನ್ ಬದಲಾಗಿದ್ದರೆ ಕಾಗದಕ್ಕೂ ಚಾಸಿಗೂ ತಾಳೆ ಆಗದೇ ಇರಬಹುದು. ಇದನ್ನು ಈಗಲೇ ನೋಡಿಕೊಳ್ಳಿ, ಬಣ್ಣ ಹೊಡೆದ ಮೇಲಲ್ಲ. ಅಜ್ಜನ ಹೆಸರಲ್ಲಿ ಟೈಟಲ್ ಇದ್ದು, ಆಸ್ತಿ ಕೋರ್ಟಿಗೆ ಹೋಗುವ ಹಾಗಿಲ್ಲದಿದ್ದರೆ, ಕ್ಯಾಲಿಫೋರ್ನಿಯದಲ್ಲಿ ಸಾವಿನ ನಂತರ 40 ದಿನ ಕಳೆದ ಮೇಲೆ ವಾರಸುದಾರರು ಡಿಎಂವಿಯಲ್ಲಿ (ರಾಜ್ಯದ ವಾಹನ ನೋಂದಣಿ ಕಚೇರಿಯಲ್ಲಿ) ಅಫಿಡವಿಟ್ ಕೊಟ್ಟು ವರ್ಗಾಯಿಸಿಕೊಳ್ಳಬಹುದು. ಮೊದಲು ನಿಮ್ಮ ಹೆಂಡತಿಯ ಮನೆಯವರೆಲ್ಲ ಒಪ್ಪಿ ಸಹಿ ಹಾಕಲಿ. 1975 ಮತ್ತು ಅದಕ್ಕೂ ಹಳೆಯ ಮಾಡೆಲ್‌ನ ಪೆಟ್ರೋಲ್ ಕಾರುಗಳಿಗೆ ಇಲ್ಲಿ ಹೊಗೆ ತಪಾಸಣೆ ಇಲ್ಲ. ಹೊಸದಾಗಿ ಮಾಡಿಸಿದ ಚಾಸಿಗೆ ಈ ಹುಟ್ಟುಗುರುತು ಇರುವುದಿಲ್ಲ. ಅದನ್ನು ‘ವಿಶೇಷವಾಗಿ ಕಟ್ಟಿದ ವಾಹನ’ ಅಂತ ನೋಂದಾಯಿಸುವ ಬೇರೆ ದಾರಿ ಹಿಡಿಯಬೇಕಾಗುತ್ತದೆ. ನಿಮ್ಮ ಸ್ನೇಹಿತರಿಗೆ ಇದನ್ನು ಹೇಳಿ.

ಆಮೇಲೆ ಅಳತೆ. ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ನಾಲ್ಕು ಸ್ಟ್ಯಾಂಡ್ ಇಟ್ಟು ಚಾಸಿ ಕೂರಿಸಿ. ಗಾರೆ ಕೆಲಸದವರ ತೂಗುಗುಂಡು ಸಾಕು, ಲೇಸರ್ ಬೇಕಿಲ್ಲ. ಎರಡೂ ಚಾನೆಲ್‌ಗಳಲ್ಲಿ ಎದುರುಬದುರು ಇರುವ ಕಾರ್ಖಾನೆಯ ತೂತುಗಳಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ. ಮೂಲೆಯಿಂದ ಮೂಲೆಗೆ ಅಡ್ಡ ಅಳೆಯಿರಿ. ಎರಡೂ ಅಳತೆ ಒಂದೇ ಬಂದರೆ ಚಾಸಿ ಚೌಕಾಕಾರವಾಗಿದೆ. ಚಾನೆಲ್ ಉದ್ದಕ್ಕೂ ದಾರ ಎಳೆದು ಜೋತುಬಿದ್ದಿದೆಯಾ ನೋಡಿ. ರಿವೆಟ್‌ಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಇರುವುದು ಟಣ್ ಅನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಹಿಂದಿನ ಅಡ್ಡತೊಲೆ ಸೇರುವ ಜಾಗದಲ್ಲಿ ಬಿರುಕು ಇದೆಯಾ ಅಂತ ಬೆಳಕು ಹಿಡಿದು ಹುಡುಕಿ. ಹಳೆ ಬಣ್ಣದಲ್ಲಿ ಸೀಸ ಇರುತ್ತದೆ. ಕೆರೆಯುವಾಗ ಮಾಸ್ಕ್ ಬೇಕೇ ಬೇಕು, ಮಕ್ಕಳನ್ನು ದೂರ ಇಡಿ.

ಮಾಡೆಲ್ ಎ ಚಾಸಿಯನ್ನು ಮಾಡಿದ್ದೇ 40 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಎಂಜಿನ್ನಿಗೆ. ತೆಳು ಚಾನೆಲ್, ತಿರುಚಿಕೊಳ್ಳುತ್ತದೆ. ವಿ8 ಹಾಕುವುದಾದರೆ ಚಾನೆಲ್‌ನ ತೆರೆದ ಬಾಯಿಗೆ ತಗಡು ಬೆಸೆದು ಪೆಟ್ಟಿಗೆಯಂತೆ ಮುಚ್ಚಬೇಕು. ಇಲ್ಲಿ ನಾನು ಪೆಟ್ಟು ತಿಂದೆ. ಒಂದು ಶನಿವಾರ ರಾತ್ರಿ ಹುಮ್ಮಸ್ಸಿನಲ್ಲಿ ಎಡಬದಿಯ ತಗಡನ್ನು ಈ ತುದಿಯಿಂದ ಆ ತುದಿಗೆ ಒಂದೇ ಸಮ ಬೆಸೆದುಬಿಟ್ಟೆ. ಬೆಳಿಗ್ಗೆ ದಾರ ಎಳೆದು ನೋಡಿದರೆ ಚಾನೆಲ್ ಕಾಲು ಇಂಚು ಬಿಲ್ಲಿನಂತೆ ಬಾಗಿತ್ತು. ಎಂಬತ್ತು ವರ್ಷ ನೆಟ್ಟಗಿದ್ದ ಕಬ್ಬಿಣ ಅದು, ಮಾವನವರ ಕೈ ಕೆಲಸ. ಆ ದಿನ ಊಟ ಸೇರಲಿಲ್ಲ. ಬೆಸುಗೆ ಕೊಯ್ದು, ಕಾಯಿಸಿ, ನೆಟ್ಟಗೆ ಮಾಡಲು ಎರಡು ತಿಂಗಳು ಹಿಡಿಯಿತು. ನೀವು ಹೀಗೆ ಮಾಡಿ: ಚಾಸಿಯನ್ನು ಭಾರವಾದ ಕಬ್ಬಿಣದ ಚೌಕಟ್ಟಿನ ಮೇಲೆ ಬೋಲ್ಟ್ ಹಾಕಿ ಬಿಗಿಯಿರಿ. ಒಂದೊಂದು ಇಂಚು ಬೆಸೆಯಿರಿ. ಎಡಕ್ಕೆ ಒಂದು, ಬಲಕ್ಕೆ ಒಂದು, ಮುಂದೆ ಒಂದು, ಹಿಂದೆ ಒಂದು. ಕೈ ಇಟ್ಟರೆ ಸುಡದಷ್ಟು ಆರಿದ ಮೇಲೆ ಮುಂದಿನದು. ವೆಲ್ಡಿಂಗ್ ‘ಸ್ವಲ್ಪ’ ಬರುತ್ತದೆ ಅಂದಿದ್ದೀರಿ. ಗುಜರಿ ಚಾನೆಲ್ ಮೇಲೆ ಕೈ ಕುದುರಿಸಿಕೊಳ್ಳಿ. ಸ್ಟೀರಿಂಗ್ ಮತ್ತು ಆಕ್ಸಲ್ ಬ್ರಾಕೆಟ್‌ಗಳನ್ನು ಮಾತ್ರ ಪಳಗಿದವರ ಕೈಯಲ್ಲೇ ಬೆಸೆಸಿ. ಇದರಲ್ಲಿ ರಾಜಿ ಬೇಡ.

ಎಂಜಿನ್‌ಗಿಂತ ಮೊದಲು ಬ್ರೇಕ್. ಮಾಡೆಲ್ ಎ ಬ್ರೇಕು ಕಂಬಿಯಿಂದ ಎಳೆಯುವಂಥದ್ದು. ಫೋರ್ಡ್ ಕಾರಿಗೆ ಆಯಿಲ್ ಬ್ರೇಕ್ ಬಂದದ್ದೇ 1939ರಲ್ಲಿ. ಹಾಗಾಗಿ 1939ರಿಂದ 1948ರವರೆಗಿನ ಫೋರ್ಡ್ ಡ್ರಮ್ ಬ್ರೇಕನ್ನು ಹಳೆ ಆಕ್ಸಲ್‌ಗೆ ಕೂರಿಸುವುದು ಆ ಕಾಲದಲ್ಲೇ ರೂಢಿಯಾಯಿತು. ನೋಡಲೂ ಸರಿ, ನಿಲ್ಲಿಸಲೂ ಸರಿ. ಮಾಸ್ಟರ್ ಸಿಲಿಂಡರ್ ಮಾತ್ರ ಎರಡು ಕೋಣೆಯದ್ದು ಹಾಕಿ. ಹಳೆಯದರಲ್ಲಿ ಒಂದು ಪೈಪ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಅದು ಕೂರುವುದು ನೆಲಹಲಗೆಯ ಕೆಳಗೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂದಿನ ಡ್ರಮ್ ತೆಗೆಯುವಾಗ ಪುಲ್ಲರ್ ಬಳಸಿ. ಆಕ್ಸಲ್ ತುದಿಗೆ ಸುತ್ತಿಗೆಯಿಂದ ಹೊಡೆದರೆ ಕೇಡು.

ಮುಂದಿನ ಆಕ್ಸಲ್ ತಗ್ಗಿಸಿದ್ದು ಬೇಕಾದರೆ ‘ಐ’ ಆಕಾರದ್ದನ್ನೇ ಹುಡುಕಿ, ಪೈಪಿನದ್ದು ಬೇಡ. ವಿಷ್‌ಬೋನ್ ಸೀಳಿ ಬದಿಗೆ ಬಿಗಿದಾಗ ಒಂದು ಚಕ್ರ ಗುಂಡಿಗೆ ಇಳಿದರೆ ಆಕ್ಸಲ್ ತಿರುಚಿಕೊಳ್ಳಬೇಕು. ‘ಐ’ ಆಕ್ಸಲ್ ತಿರುಚಿಕೊಡುತ್ತದೆ. ಪೈಪ್ ಕೊಡುವುದಿಲ್ಲ, ಬೆಸುಗೆ ಬಿರಿಯುತ್ತದೆ. ಸ್ಟೀರಿಂಗ್‌ಗೆ 1948ರಿಂದ 1952ರ ಫೋರ್ಡ್ ಎಫ್-1 ಟ್ರಕ್ಕಿನ ಬಾಕ್ಸ್ ಒಳ್ಳೆಯದು.

ಎಂಜಿನ್ ಬಗ್ಗೆ ನನ್ನ ಮಾತು ನಿಮಗೆ ರುಚಿಸದೇ ಇರಬಹುದು. ಎಲ್ಲರಿಗೂ ಫೋರ್ಡಿನ ಫ್ಲ್ಯಾಟ್‌ಹೆಡ್ ವಿ8 (ವಾಲ್ವ್‌ಗಳು ಹೆಡ್ಡಿನಲ್ಲಿರದೆ ಬ್ಲಾಕಿನಲ್ಲೇ ಇರುವ ಎಂಜಿನ್) ಬೇಕು. 1932ರಲ್ಲಿ ಬಂದಾಗ ಅದು 221 ಘನ ಇಂಚು, 65 ಅಶ್ವಶಕ್ತಿ. ಯುದ್ಧದ ನಂತರ 239 ಘನ ಇಂಚಿಗೆ 100. ಎಡೆಲ್‌ಬ್ರಾಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ-ಪೆಟ್ರೋಲ್ ಹಂಚುವ ಕೊಳವೆ) ಮೇಲೆ ಎರಡು ಸ್ಟ್ರಾಂಬರ್ಗ್ 97 ಕಾರ್ಬುರೇಟರ್ ಕೂರಿಸಿದರೆ ಆ ಸದ್ದಿಗೆ ಸಾಟಿ ಇಲ್ಲ. ನಾನೂ ಅದನ್ನೇ ಹಾಕಿದ್ದೇನೆ. ಆದರೆ ಅದರ ಬಿಸಿ ಹೊಗೆ ಬ್ಲಾಕಿನ ಒಳಗಿನಿಂದಲೇ ಹಾದು ಹೊರಬರುತ್ತದೆ. ಹಾಗಾಗಿ ಬೇಗ ಕಾಯುತ್ತದೆ, ವಾಲ್ವ್ ಸೀಟಿಗೂ ಸಿಲಿಂಡರಿಗೂ ನಡುವೆ ಬಿರುಕು ಬಿಡುತ್ತದೆ. ನನಗೆ ಮೊದಲು ಸಿಕ್ಕ ಬ್ಲಾಕು ‘ಚೆನ್ನಾಗಿದೆ’ ಅಂತ ಮಾರಿದವರು ಆಣೆ ಮಾಡಿದ್ದರು. ಮ್ಯಾಗ್ನಾಫ್ಲಕ್ಸ್ (ಕಾಂತದಿಂದ ಬಿರುಕು ಪತ್ತೆ ಹಚ್ಚುವ) ಪರೀಕ್ಷೆ ಮಾಡಿಸಿದರೆ ಮೂರು ಕಡೆ ಬಿರುಕು. ಆ ಪರೀಕ್ಷೆ ಆಗದೆ ಒಂದು ಡಾಲರ್ ಕೂಡ ಕೊಡಬೇಡಿ. ಬಿರುಕಿಲ್ಲದ ಬ್ಲಾಕಿನ ನೀರಿನ ದಾರಿಯಲ್ಲೂ ಎರಕದ ಮರಳು, ತುಕ್ಕು ಗಟ್ಟಿಯಾಗಿ ಕೂತಿರುತ್ತದೆ. ಪೂರ್ತಿ ತೆಗೆಸಿ.

ಅಜ್ಜನ ಶೆಡ್ಡಿನಲ್ಲಿ ಮಾಡೆಲ್ ಎ ಎಂಜಿನ್ ಸಿಕ್ಕಿದರೆ ನಾನಾದರೆ ಅದನ್ನೇ ಕಟ್ಟುತ್ತೇನೆ. ವಿ8 ಬರುವ ಮೊದಲು ಒಣಕೆರೆಗಳಲ್ಲಿ ಓಡಿದ್ದು ನಾಲ್ಕು ಸಿಲಿಂಡರಿನ ಕಾರುಗಳೇ. ಎಡ್ ವಿನ್‌ಫೀಲ್ಡ್ ಹೆಸರು ಮಾಡಿದ್ದು ಅಂಥ ಎಂಜಿನ್‌ಗಳಿಗೆ ಕಾರ್ಬುರೇಟರ್, ಕ್ಯಾಮ್ (ವಾಲ್ವ್ ಎತ್ತುವ ದಂಡ) ಮಾಡಿಯೇ. ಒತ್ತಡ ಹೆಚ್ಚಿಸುವ ಹೆಡ್, ಒಳ್ಳೆ ಕಾರ್ಬುರೇಟರ್ ಹಾಕಿದರೆ ಹಗುರ ಕಾರಿಗೆ ಬೇಕಾದಷ್ಟು ಜೀವ ಬರುತ್ತದೆ. ಚಾಸಿಗೂ ಅಷ್ಟೊಂದು ಕತ್ತರಿ ಬೀಳುವುದಿಲ್ಲ.

ಬಾಡಿ, ಬಣ್ಣ, ಸೀಟು ಎಲ್ಲ ಕೊನೆಗೆ. 16 ಇಂಚಿನ ಹಳೆ ಫೋರ್ಡ್ ಚಕ್ರ, ಹಿಂದೆ ದೊಡ್ಡ ಟೈರು, ಮುಂದೆ ಚಿಕ್ಕದು. ಅಷ್ಟು ಸರಿಯಾಗಿ ಕೂತರೆ ನಿಲುವು ತಾನಾಗಿ ಬರುತ್ತದೆ.

ಇನ್ನೊಂದು ವಿಷಯ. ನನ್ನ ಚಾಸಿಯ ಹಿಂತುದಿಯಲ್ಲಿ ಎರಡೂ ಬದಿಗೆ ಅರ್ಧ ಇಂಚಿನ ಎರಡೆರಡು ತೂತು ಇದ್ದವು. ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಬಣ್ಣಕ್ಕೆ ಕೊಡುವ ಮುಂಚೆ ಬೆಸೆದು ಮುಚ್ಚೋಣ ಅಂತಿದ್ದೆ. ಅಷ್ಟರಲ್ಲಿ ಹೆಂಡತಿಯ ಅತ್ತೆಯೊಬ್ಬರ ಮನೆಯ ಆಲ್ಬಮ್ಮಿನಲ್ಲಿ ಒಂದು ಕಪ್ಪುಬಿಳುಪು ಫೋಟೋ ಸಿಕ್ಕಿತು. ಎಲ್ ಮಿರಾಜ್, ಸುತ್ತ ಧೂಳು, ಇಪ್ಪತ್ತರ ಹರೆಯದ ಮಾವ. ಕಾರಿನ ಹಿಂದೆ ಬಗ್ಗಿಸಿದ ಒಂದು ಪೈಪು, ಸರಿಯಾಗಿ ಆ ನಾಲ್ಕು ಬೋಲ್ಟುಗಳ ಮೇಲೆ. ಒಣಕೆರೆಯ ಕಾರುಗಳನ್ನು ಹಿಂದಿನಿಂದ ಇನ್ನೊಂದು ಗಾಡಿ ತಳ್ಳಿ ಸ್ಟಾರ್ಟ್ ಮಾಡುತ್ತಿದ್ದರು. ಆ ತಳ್ಳುಕಂಬಿ ಅದು. ಫೋಟೋ ನೋಡಿ ಅಳತೆ ಅಂದಾಜು ಮಾಡಿ ಅಂಥದ್ದೇ ಪೈಪ್ ಬಗ್ಗಿಸಿ, ಅದೇ ತೂತುಗಳಿಗೆ ಬೋಲ್ಟ್ ಹಾಕಿದೆ. ನಾಲ್ಕೂ ಬೋಲ್ಟು ಕೈಯಲ್ಲೇ ಸಲೀಸಾಗಿ ಒಳಗೆ ಹೋದವು.

ನಿಮ್ಮ ಹೆಂಡತಿಯ ಮನೆಯಲ್ಲೂ ಹಳೆ ಆಲ್ಬಮ್ ಇದ್ದೇ ಇರುತ್ತದೆ. ಈ ವಾರವೇ ಕೇಳಿ.