ಭೋಲಾ ಚಂಡಮಾರುತದ ಲೇಖನ: ಬರೆದವರಿಗೆ ಒಂದು ಉತ್ತರ

ನಮಸ್ಕಾರ.

ವಿಪತ್ತು ಮತ್ತು ಆರೋಗ್ಯದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ, ಮೂರನೇ ಪುಟದ ಒಂದೇ ಒಂದು ವಾಕ್ಯದಲ್ಲಿ. ಅದು ಕೈತಪ್ಪಿ ಹೋಗಬಾರದು ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟದಲ್ಲಿ ಭೋಲಾ ಚಂಡಮಾರುತ ಬಡಿದ 1970ರ ನವೆಂಬರ್ 12ರ ರಾತ್ರಿಯನ್ನು ವರ್ಣಿಸಿದ್ದೀರಿ. ಆಗಿನ ಪೂರ್ವ ಪಾಕಿಸ್ತಾನ (ಈಗಿನ ಬಾಂಗ್ಲಾದೇಶ), ಮೇಘನಾ ನದಿ ಸಮುದ್ರ ಸೇರುವ ಕಡೆಯ ದ್ವೀಪಗಳು. ರಾಕ್ಷಸ ಅಲೆ, ತಾಯಂದಿರ ಆಕ್ರಂದನ, ಮುನಿದ ಪ್ರಕೃತಿ. ಊರಿನ ಹೆಸರು ಬದಲಿಸಿದರೆ ಈ ಸಾಲುಗಳು ಯಾವ ಚಂಡಮಾರುತಕ್ಕೂ ಹೊಂದುತ್ತವೆ, ಅಲ್ವಾ? ಈ ಎರಡು ಪುಟ ಬೇಡ.

ಈಗ ಆ ಮೂರನೇ ಪುಟಕ್ಕೆ ಬರುತ್ತೇನೆ. "ಆಲ್ಫ್ರೆಡ್ ಸಾಮರ್ ಮತ್ತು ವೈಲಿ ಮೋಸ್ಲಿ ಎಂಬ ವೈದ್ಯರು ಸಮೀಕ್ಷೆಯನ್ನೂ ನಡೆಸಿದರು" ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಿಲ್ಲಬೇಕಿದ್ದದ್ದು ಅಲ್ಲೇ. ಇಬ್ಬರೂ ಢಾಕಾದ ಕಾಲರಾ ಸಂಶೋಧನಾ ಪ್ರಯೋಗಾಲಯದಲ್ಲಿದ್ದವರು. ಚಂಡಮಾರುತ ಬಡಿದ ಕೆಲವೇ ವಾರಗಳಲ್ಲಿ ಒಂದು ತುರ್ತು ಸಮೀಕ್ಷೆ ಆಯಿತು. ಕೆಲವು ತಿಂಗಳ ಮೇಲೆ, 1971ರಲ್ಲಿ, ಇನ್ನೂ ದೊಡ್ಡದು. ಮನೆಮನೆಗೆ ಹೋಗಿ ಕೇಳಿದರು: ಅವತ್ತಿನ ಮುಂಚೆ ಈ ಮನೆಯಲ್ಲಿ ಯಾರ್ಯಾರು ಇದ್ದರು, ಈಗ ಯಾರಿದ್ದಾರೆ, ಏನು ಉಳಿದಿದೆ, ಏನು ಬೇಕು. ಫಲಿತಾಂಶ 1972ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಅವರಿಗೆ ಕಂಡದ್ದು ಏನು? ಬದುಕಿ ಉಳಿದವರಲ್ಲಿ ಕಾಯಿಲೆ, ದೊಡ್ಡ ಗಾಯ ಕಡಿಮೆ. ನೀರು ಒಬ್ಬರನ್ನು ಎಳೆದುಕೊಂಡು ಹೋಯಿತು, ಇಲ್ಲವೇ ಬಿಟ್ಟುಹೋಯಿತು. ನಡುವೆ ಜಾಸ್ತಿ ಜನ ಇರಲಿಲ್ಲ. ಆದರೆ ಒಂದು ಗಾಯ ಮಾತ್ರ ಮತ್ತೆ ಮತ್ತೆ ಕಂಡಿತು. ಎದೆ, ತೋಳಿನ ಒಳಭಾಗ, ತೊಡೆ, ಇಲ್ಲೆಲ್ಲ ಚರ್ಮ ಕಿತ್ತುಹೋಗಿತ್ತು. ಮರವನ್ನು ತಬ್ಬಿ ಹಿಡಿದು ನೀರಿನ ಸೆಳೆತ ತಡೆದವರ ಗಾಯ ಅದು. ಹಾಗೆ ಹಿಡಿದುಕೊಳ್ಳಲು ತೋಳಲ್ಲಿ ಬಲ ಬೇಕು. ಅದಕ್ಕೇ ಹೆಚ್ಚಾಗಿ ಉಳಿದವರು ಪ್ರಾಯದ ಗಂಡಸರು. ಮಕ್ಕಳು, ಮುದುಕರು, ಹೆಂಗಸರು ಜಾಸ್ತಿ ಸತ್ತರು. ಸತ್ತವರಲ್ಲಿ ಸುಮಾರು ಅರ್ಧದಷ್ಟು ಹತ್ತು ವರ್ಷದೊಳಗಿನ ಮಕ್ಕಳು. ಇದನ್ನು ಹೀಗೇ ನೇರವಾಗಿ ಬರೆಯಿರಿ. ಇಲ್ಲಿ ನಿಮ್ಮ ಕಡೆಯಿಂದ ಒಂದು ವಿಶೇಷಣವೂ ಸೇರುವುದು ಬೇಡ.

"ಸಾವಿರಾರು ವೈದ್ಯರು ಧಾವಿಸಬೇಕಿತ್ತು" ಎಂಬ ನಿಮ್ಮ ವಾಕ್ಯ ಇದರ ಮುಂದೆ ನಿಲ್ಲುವುದಿಲ್ಲ. ಆ ಜನಕ್ಕೆ ಮುಖ್ಯವಾಗಿ ಬೇಕಾಗಿದ್ದದ್ದು ಅನ್ನ, ಮನೆ, ಉಳಲು ಎತ್ತು, ಬೇಸಾಯದ ಸಾಮಾನು. ದೂರದಲ್ಲಿ ಕೂತು ಊಹಿಸಿದರೆ ಔಷಧದ ಪೆಟ್ಟಿಗೆ ಕಳಿಸುತ್ತೇವೆ. ಹೋಗಿ ಕೇಳಿದರೆ ಎತ್ತು ಬೇಕು ಅಂತ ಗೊತ್ತಾಗುತ್ತದೆ. ವಿಪತ್ತಿನ ಹೊತ್ತಲ್ಲಿ ಅಧ್ಯಯನ ಯಾಕೆ ಎಂದು ಕೇಳುವವರಿಗೆ ನಿಮ್ಮ ಲೇಖನ ಕೊಡಬೇಕಾದ ಉತ್ತರ ಇದೇ.

ಒಂದು ತಪ್ಪನ್ನಂತೂ ತಿದ್ದಲೇಬೇಕು. ಹೆಣಗಳು ಕೊಳೆತು ಸಾಂಕ್ರಾಮಿಕ ರೋಗ ಹರಡುತ್ತದೆ ಎಂದು ಬರೆದಿದ್ದೀರಿ. ತುಂಬಾ ಜನ ಹೀಗೆ ನಂಬುತ್ತಾರೆ. ಆದರೆ ಪ್ರವಾಹ, ಭೂಕಂಪ, ಚಂಡಮಾರುತದಲ್ಲಿ ಸತ್ತವರ ದೇಹದಿಂದ ಸಾಂಕ್ರಾಮಿಕ ಏಳುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳುತ್ತದೆ. ಅವರು ಸತ್ತಿದ್ದು ಮುಳುಗಿ, ಪೆಟ್ಟು ತಿಂದು. ರೋಗದಿಂದ ಅಲ್ಲ. ಅಪಾಯ ಇರುವುದು ಬದುಕಿರುವವರ ಕುಡಿಯುವ ನೀರಿನಲ್ಲಿ, ಶೌಚದ ವ್ಯವಸ್ಥೆಯಲ್ಲಿ, ಇಕ್ಕಟ್ಟಾದ ಶಿಬಿರದಲ್ಲಿ. ಈ ತಪ್ಪು ನಂಬಿಕೆಯಿಂದ ಆಗುವ ನೋವೂ ದೊಡ್ಡದು. ಗಡಿಬಿಡಿಯಲ್ಲಿ ಎಲ್ಲರನ್ನೂ ಒಂದೇ ಗುಂಡಿಯಲ್ಲಿ ಹೂತುಬಿಟ್ಟರೆ, ತಮ್ಮವರು ಯಾರು ಅಂತ ಗುರುತಿಸಲೂ ಮನೆಯವರಿಗೆ ಆಗುವುದಿಲ್ಲ. ನಾವು ಇದನ್ನು ಮತ್ತೆ ಅಚ್ಚು ಹಾಕಿ ಹಬ್ಬಿಸಬಾರದು.

ಇನ್ನು ಸಂಖ್ಯೆ. "5 ಲಕ್ಷ ಜನ ಸತ್ತರು" ಎಂದು ಖಚಿತವಾಗಿ ಹೇಳಿದ್ದೀರಿ. ಸಾಮಾನ್ಯವಾಗಿ ಹೇಳುವ ಅಂದಾಜು 3ರಿಂದ 5 ಲಕ್ಷ. ಸಮೀಕ್ಷೆಯ ಲೆಕ್ಕ ಕನಿಷ್ಠ 2,24,000. ಈ "ಕನಿಷ್ಠ" ಅನ್ನುವುದನ್ನು ಬಿಡಬೇಡಿ. ಇಡೀ ಮನೆಯೇ ಕೊಚ್ಚಿಹೋದ ಕಡೆ ಉತ್ತರ ಹೇಳಲು ಯಾರಿದ್ದಾರೆ? ಅವರು ಲೆಕ್ಕಕ್ಕೆ ಸಿಗುವುದೇ ಇಲ್ಲ. ಅಂಕಿ ಎಲ್ಲಿಂದ ಬಂತು, ಅದರಲ್ಲಿ ಯಾರು ಬಿಟ್ಟುಹೋದರು ಎಂದು ಓದುಗರಿಗೆ ತಿಳಿಸಿ. ಅದರಿಂದ ಲೇಖನದ ತೂಕ ಕಡಿಮೆಯಾಗುವುದಿಲ್ಲ.

ಕೊನೆಯಲ್ಲಿ ಕೊಡಗಿನ 2018ರ ಭೂಕುಸಿತ ತಂದಿದ್ದೀರಿ. ಕನ್ನಡ ಓದುಗರಿಗೆ ಹತ್ತಿರವಾಗಲಿ ಅಂತ ಇರಬೇಕು. ಅದು ಬೇರೆಯದೇ ಕಥೆ. ಗುಡ್ಡ ಕುಸಿದದ್ದಕ್ಕೂ ಕಡಲು ಉಕ್ಕಿದ್ದಕ್ಕೂ ಸುಮ್ನೆ ಗಂಟು ಹಾಕಬೇಡಿ.

ಅದರ ಬದಲು ಅದೇ ಕರಾವಳಿಯಲ್ಲಿ ಮುಂದೆ ಹೋಗಿ. 1972ರಲ್ಲಿ ಹೊಸ ಬಾಂಗ್ಲಾದೇಶದಲ್ಲಿ ಚಂಡಮಾರುತದ ಮುನ್ನೆಚ್ಚರಿಕೆ ಕಾರ್ಯಕ್ರಮ ಶುರುವಾಯಿತು. ಹಳ್ಳಿಗಳಲ್ಲಿ ಸ್ವಯಂಸೇವಕರು ಸಿದ್ಧರಾದರು. ಆದರೂ 1991ರ ಚಂಡಮಾರುತದಲ್ಲಿ ಸುಮಾರು 1,40,000 ಜನ ಸತ್ತರು. ಆಗಲೂ ಸಂಶೋಧಕರು ಉಳಿದವರ ಬಳಿ ಹೋಗಿ ಕೇಳಿದರು. ಅವರು ಸಮೀಕ್ಷೆ ಮಾಡಿದ ಕುಟುಂಬಗಳಲ್ಲಿ ಇಟ್ಟಿಗೆ ಅಥವಾ ಕಾಂಕ್ರೀಟಿನ ಗಟ್ಟಿ ಕಟ್ಟಡ ಸೇರಿದವರೆಲ್ಲ ಉಳಿದಿದ್ದರು. ಸೇರಲಾಗದವರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸತ್ತಿದ್ದರು. 1970ರಲ್ಲಿ ಮರ, 1991ರಲ್ಲಿ ಗಟ್ಟಿ ಗೋಡೆ. 2007ರ ಸಿಡ್ರ್ ಚಂಡಮಾರುತದಲ್ಲಿ ಸಾವು ಕೆಲವು ಸಾವಿರಕ್ಕೆ ಇಳಿಯಿತು. ಈ ಮೂರು ಚಂಡಮಾರುತಗಳ ನಡುವೆ ಏನೇನು ಬದಲಾಯಿತು ಎಂದು ಹುಡುಕಿ ಬರೆಯಿರಿ.

ಸಮೀಕ್ಷೆಯಿಂದಲೇ ಶುರು ಮಾಡಿ. 1,500 ಪದ ಸಾಕು. ಬರೆದು ನೇರವಾಗಿ ನನಗೇ ಕಳಿಸಿ, ಕಾಯುತ್ತಿರುತ್ತೇನೆ.