ತುಮಕೂರಿನಲ್ಲಿ ಫೋಮ್ ಗ್ಲೈಡರ್ ಮಾಡಿ ಮಾರುತ್ತಿದ್ದೇನೆ, ಸಾಲ ಮಾಡಿ ಸಿಎನ್‌ಸಿ ಮಷೀನ್ ಹಾಕಲಾ?

ನಮಸ್ಕಾರ. ತಿಂಗಳಿಗೆ ಎಂಟ್ಹತ್ತು ರಿಮೋಟ್ ಗ್ಲೈಡರ್ (ಮೋಟಾರ್ ಇಲ್ಲದೆ ಗಾಳಿಯಲ್ಲಿ ತೇಲುವ ಪುಟ್ಟ ವಿಮಾನ) ಹೋಗುತ್ತಿವೆ, ರೆಕ್ಕೆಗಳನ್ನು ಬಿಸಿ ತಂತಿಯಲ್ಲಿ ಕೈಯಿಂದಲೇ ಕೊಯ್ಯುತ್ತಿದ್ದೇನೆ, ನಾಲ್ಕು ಲಕ್ಷ ಸಾಲ ತಗೊಂಡು, ಕಂಪ್ಯೂಟರ್ ಹೇಳಿದ ಹಾಗೆ ತಾನೇ ಕೊಯ್ಯುವ ಸಿಎನ್‌ಸಿ ಮಷೀನ್ ಹಾಕಿದರೆ ವ್ಯಾಪಾರ ಬೆಳೆಯುತ್ತಾ ಅಂತ ಕೇಳಿದ್ದೀರಿ. ನಾನೂ ತುಮಕೂರಿನವನೇ. ನಾನು, ನನ್ನ ತಮ್ಮ ಸೇರಿ ಗುಬ್ಬಿ ರಸ್ತೆ ಕಡೆ ಒಂದು ಶೀಟ್ ಶೆಡ್‌ನಲ್ಲಿ ಇದೇ ಕೆಲಸ ಮಾಡುತ್ತೇವೆ. ಎಂಟು ವರ್ಷ ಆಯಿತು. ಈಗ ತಿಂಗಳಿಗೆ ಎಪ್ಪತ್ತು ಎಂಬತ್ತು ಹೋಗುತ್ತವೆ. ಮಷೀನ್ ನಾವೂ ತಗೊಂಡೆವು, ಆದರೆ ಐದನೇ ವರ್ಷದಲ್ಲಿ. ನೀವು ಈಗಲೇ ತಗೋಬೇಡಿ.

ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಒಂದು ಗ್ಲೈಡರ್ ಶುರುವಾದಾಗಿನಿಂದ ಡಬ್ಬ ಸೇರುವ ತನಕ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆಯಿರಿ. ನಾವೂ ನಿಮ್ಮ ಹಾಗೆ ಕೊಯ್ಯುವುದೇ ನಿಧಾನ ಅಂದುಕೊಂಡಿದ್ದೆವು. ಬರೆದು ನೋಡಿದರೆ ಒಂದು ಜೊತೆ ರೆಕ್ಕೆ ಕೊಯ್ಯಲು ಇಪ್ಪತ್ತು ನಿಮಿಷ. ಅದೇ ರೆಕ್ಕೆ ಅಂಟು ಒಣಗಲಿ ಅಂತ ಸುಮ್ನೆ ಮಲಗಿದ್ದು ಒಂದು ಇಡೀ ರಾತ್ರಿ.

ಕೊಯ್ಯುವ ಕೆಲಸ ನಿಮಗೆ ಗೊತ್ತು, ಬೇರೆಯವರಿಗಾಗಿ ಹೇಳುತ್ತೇನೆ. ಬಿಲ್ಲಿನ ಹಾಗಿರುವ ಚೌಕಟ್ಟಿಗೆ ನೈಕ್ರೋಮ್ ತಂತಿ ಬಿಗಿದು ಕರೆಂಟ್ ಕೊಡುತ್ತೇವೆ. ಬಿಸಿಯಾದ ತಂತಿ ಉದ್ದವಾಗಿ ಜೋತು ಬೀಳುತ್ತದೆ, ಅದಕ್ಕೇ ಒಂದು ಕಡೆ ಸ್ಪ್ರಿಂಗ್ ಇರಬೇಕು. ಫೋಮ್ ಬ್ಲಾಕಿನ ಎರಡು ತುದಿಗೂ ರೆಕ್ಕೆಯ ಆಕಾರಕ್ಕೆ ಕತ್ತರಿಸಿದ ಸನ್‌ಮೈಕಾ ಪಟ್ಟಿ ಕೂರಿಸಿ, ಅದರ ಅಂಚಿನ ಮೇಲೆ ತಂತಿಯನ್ನು ಜಾರಿಸಬೇಕು. ರೆಕ್ಕೆ ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು. ಆದರೂ ತಂತಿ ಎರಡು ಕಡೆ ಒಟ್ಟಿಗೆ ಹೊರಟು ಒಟ್ಟಿಗೆ ಮುಟ್ಟಬೇಕು. ಹಾಗಾಗಿ ಎರಡು ಪಟ್ಟಿಗೂ ಒಂದರಿಂದ ಹತ್ತರವರೆಗೆ ಗುರುತು ಹಾಕಿ, ನಾನೊಂದು ತುದಿ, ತಮ್ಮ ಇನ್ನೊಂದು ತುದಿ ಹಿಡಿದು, ‘ಮೂರು... ನಾಲ್ಕು... ಐದು’ ಅಂತ ಗಟ್ಟಿಯಾಗಿ ಎಣಿಸುತ್ತಾ ಎಳೆಯುತ್ತಿದ್ದೆವು. ಅವಸರ ಮಾಡಿದರೆ ತಂತಿಯ ನಡುಭಾಗ ಹಿಂದೆ ಉಳಿದು ರೆಕ್ಕೆ ಕೆಡುತ್ತದೆ. ನಿಂತುಬಿಟ್ಟರೆ ಅಲ್ಲೇ ಕರಗಿ ಗೀರು ಬೀಳುತ್ತದೆ. ಕಿಟಕಿ ಮಾತ್ರ ತೆರೆದಿಡಿ, ಆ ಹೊಗೆ ಎದೆಗೆ ಒಳ್ಳೆಯದಲ್ಲ.

ಈಗ ಅಂಟಿನ ವಿಷಯ. ರೆಕ್ಕೆಗೆ ಕಾರ್ಬನ್ ಕಡ್ಡಿ ಕೂರಿಸಿ ಎಪಾಕ್ಸಿ ಹಾಕಿದ ಮೇಲೆ, ಅದು ಗಟ್ಟಿಯಾಗುವ ತನಕ ರೆಕ್ಕೆ ಒಂಚೂರೂ ತಿರುಚಿಕೊಳ್ಳಬಾರದು. ತಿರುಚಿಕೊಂಡರೆ ಗ್ಲೈಡರ್ ಸದಾ ಒಂದೇ ಕಡೆ ವಾಲುತ್ತದೆ. ನಮ್ಮ ಹತ್ತಿರ ಮರದ ಅಚ್ಚು ಇದ್ದದ್ದು ಎರಡೇ. ಅಂದರೆ ರಾತ್ರಿಗೆ ಎರಡೇ ರೆಕ್ಕೆ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇದು. ಮಷೀನ್ ಬಂದಿದ್ದರೂ ಕೊಯ್ದ ರೆಕ್ಕೆಗಳು ಮೂಲೆಯಲ್ಲಿ ರಾಶಿ ಬೀಳುತ್ತಿದ್ದವು, ಅಷ್ಟೇ.

ಇದಕ್ಕೆ ದಾರಿ ನಾವು ದಿನಾ ಗುಡಿಸಿ ಹಾಕುತ್ತಿದ್ದ ಚೂರಿನಲ್ಲೇ ಇತ್ತು. ಬ್ಲಾಕಿನಿಂದ ರೆಕ್ಕೆ ಕೊಯ್ದು ತೆಗೆದ ಮೇಲೆ ಮೇಲೊಂದು ಕೆಳಗೊಂದು ತುಂಡು ಉಳಿಯುತ್ತದೆ ಅಲ್ವಾ, ಅವುಗಳ ಒಳಮೈ ಆ ರೆಕ್ಕೆಯದೇ ಆಕಾರ. ರೆಕ್ಕೆಯನ್ನು ವಾಪಸ್ ಅದರೊಳಗೆ ಇಟ್ಟು, ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಹಾಕಿ, ಸಮತಟ್ಟಾದ ಹಲಗೆಯ ಮೇಲೆ ಭಾರ ಹೇರಿದರೆ ಅದಕ್ಕಿಂತ ಒಳ್ಳೆಯ ಅಚ್ಚು ಇನ್ನೊಂದಿಲ್ಲ. ನಾವು ಅದಕ್ಕೆ ತೊಟ್ಟಿಲು ಅಂತೀವಿ. ಫೋಮ್ ರೆಕ್ಕೆ ಮಾಡುವವರು ಎಲ್ಲ ಕಡೆ ಹೀಗೇ ಮಾಡುತ್ತಾರಂತೆ. ನಮಗೆ ಹೇಳಿಕೊಡುವವರು ಇರಲಿಲ್ಲ, ಎರಡು ವರ್ಷ ಬಿಸಾಕಿದೆವು. ತೊಟ್ಟಿಲು ಉಳಿಸಿಕೊಳ್ಳಲು ಶುರು ಮಾಡಿದ ತಿಂಗಳೇ ರಾತ್ರಿಗೆ ಎಂಟು ರೆಕ್ಕೆ ಒಣಗತೊಡಗಿದವು. ಖರ್ಚು ಸೊನ್ನೆ.

ನೀವು ಯಾವ ಫೋಮ್ ಬಳಸುತ್ತೀರಿ ಅಂತ ಬರೆದಿಲ್ಲ. ಥರ್ಮಾಕೋಲ್ ಆಗಿದ್ದರೆ ದಯವಿಟ್ಟು ಇಪಿಪಿಗೆ ಬನ್ನಿ. ಥರ್ಮಾಕೋಲ್ ನೆಲಕ್ಕೆ ತಾಗಿದರೆ ಲಟ್ ಅಂತ ಮುರಿಯುತ್ತದೆ. ಫೆವಿಕ್ವಿಕ್ ಹಾಕಿದರೆ ಕರಗುತ್ತದೆ. ಇಪಿಪಿ ಕಾರಿನ ಬಂಪರ್ ಒಳಗೆ ಹಾಕುವ ಫೋಮ್. ಅದುಮಿದರೆ ವಾಪಸ್ ಉಬ್ಬುತ್ತದೆ, ಫೆವಿಕ್ವಿಕ್‌ಗೂ ಕರಗುವುದಿಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ಇಪಿಪಿ ಗ್ಲೈಡರ್ ಬಂದ ಮೇಲೆ, ಗುಡ್ಡದ ಗಾಳಿಯಲ್ಲಿ ಬೇಕಂತಲೇ ಒಂದಕ್ಕೊಂದು ಡಿಕ್ಕಿ ಹೊಡೆಸುವ ಆಟವೇ ಬೆಳೆಯಿತು. ಬಿದ್ದರೂ ಎತ್ತಿಕೊಂಡು ಮತ್ತೆ ಎಸೆಯಬಹುದಲ್ಲ. ಬೆಲೆ ಜಾಸ್ತಿ, ಮೆದು, ಕಡ್ಡಿಯೂ ಫೈಬರ್ ಟೇಪೂ ಇಲ್ಲದೆ ನೆಟ್ಟಗೆ ನಿಲ್ಲುವುದಿಲ್ಲ. ಥರ್ಮಾಕೋಲಿಗಿಂತ ಹೆಚ್ಚು ಬಿಸಿಗೆ ಕರಗುವುದರಿಂದ ತಂತಿಯೂ ನಿಧಾನ ಹೋಗಬೇಕು. ಆದರೂ ಬನ್ನಿ.

ಯಾಕೆಂದರೆ ನಮ್ಮ ವ್ಯಾಪಾರ ಬೆಳೆದಿದ್ದು ಗ್ಲೈಡರ್ ಬಿದ್ದ ಮೇಲೆ ಏನಾಗುತ್ತದೆ ಅನ್ನುವುದರಿಂದ. ಮೊದಲ ಸಲ ಹಾರಿಸುವವರು ಬೀಳಿಸಿಯೇ ಬೀಳಿಸುತ್ತಾರೆ. ಅವತ್ತೇ ಮುರಿದು ಅಟ್ಟ ಸೇರಿದರೆ ಅವರು ಇನ್ನೊಬ್ಬರಿಗೆ ಹೇಳುವುದಿಲ್ಲ. ಹತ್ತು ನಿಮಿಷದಲ್ಲಿ ಸರಿಯಾಗಿ ಮತ್ತೆ ಹಾರಿದರೆ ಮುಂದಿನ ಭಾನುವಾರ ಪಕ್ಕದ ಮನೆಯವರನ್ನೂ ಕರೆದುಕೊಂಡು ಬಯಲಿಗೆ ಹೋಗುತ್ತಾರೆ.

ನನಗೆ ಇದು ಅರ್ಥವಾಗಿದ್ದು ಶಿರಾದ ಒಬ್ಬ ಮೇಷ್ಟ್ರಿಂದ. ಮಗಳಿಗೆ ಅಂತ ತಗೊಂಡಿದ್ದರು. ಸಂಜೆ ಫೋನ್ ಮಾಡಿ, ‘ಕೈ ಬಿಟ್ಟ ತಕ್ಷಣ ಮೂತಿ ಎತ್ತಿಕೊಂಡು ಹೋಗಿ ಧೊಪ್ ಅಂತ ಬಿತ್ತು ಕಣಪ್ಪ, ಮಗು ಅಳ್ತಾ ಇದ್ದಾಳೆ’ ಅಂದರು. ಮಾರನೇ ದಿನ ಬಸ್ಸಿನಲ್ಲಿ ಹೋಗಿ ನೋಡಿದೆ. ಬಾಲ ಭಾರ ಆಗಿತ್ತು. ಬಾಲ ಗಟ್ಟಿ ಇರಲಿ ಅಂತ ನಾನೇ ಎರಡು ಸುತ್ತು ಟೇಪ್ ಜಾಸ್ತಿ ಹಾಕಿದ್ದೆ. ನಮ್ಮ ಮಾಡೆಲ್‌ನಲ್ಲಿ ಬಾಲದ ಕಡೆಯ ಉದ್ದ ಮೂತಿಯ ಕಡೆಗಿಂತ ಮೂರರಷ್ಟು. ಅಂದರೆ ಬಾಲಕ್ಕೆ 1 ಗ್ರಾಂ ಸೇರಿದರೆ ಮೂತಿಗೆ 3 ಗ್ರಾಂ ಇಡಬೇಕು. ಮೂತಿಗೆ ಎರಡು ನಟ್ ಹಾಕಿ ಎಸೆದೆ, ಹೊಲದ ಆ ಬದುವಿನ ತನಕ ನೆಟ್ಟಗೆ ಹೋಯಿತು. ಆ ಹುಡುಗಿ ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ.

ಅವತ್ತಿನಿಂದ ಎರಡು ನಿಯಮ ಮಾಡಿಕೊಂಡೆವು. ಪ್ರತಿ ಗ್ಲೈಡರನ್ನೂ ತೂಕ ಮಾಡುತ್ತೇವೆ. 1 ಮೀಟರ್ ರೆಕ್ಕೆ, ಸರಾಸರಿ 18 ಸೆಂ.ಮೀ. ಅಗಲ, ಒಟ್ಟು ತೂಕ 360 ಗ್ರಾಂ. ಅಂದರೆ ಚದರ ಡೆಸಿಮೀಟರ್‌ಗೆ (10 ಸೆಂ.ಮೀ. ಉದ್ದಗಲದ ಚೌಕಕ್ಕೆ) 20 ಗ್ರಾಂ. ಕಲಿಯುವವರ ಕೈಗೆ ಇದು ಚೆನ್ನಾಗಿ ಒಗ್ಗುತ್ತದೆ. 100 ಗ್ರಾಂ ಜಾಸ್ತಿಯಾದರೆ ಬೀಳದೆ ಇರಲು ಬೇಕಾದ ವೇಗ ನೂರಕ್ಕೆ ಹದಿಮೂರರಷ್ಟು ಏರುತ್ತದೆ, ಹೊಸಬರಿಗೆ ಯೋಚಿಸಲು ಸಮಯವೇ ಸಿಗುವುದಿಲ್ಲ. ಎರಡನೆಯದು, ಸಿಜಿ, ಅಂದರೆ ಬೆರಳ ಮೇಲೆ ಇಟ್ಟರೆ ಸಮನಾಗಿ ನಿಲ್ಲುವ ಜಾಗವನ್ನು ರೆಕ್ಕೆಯ ಅಡಿಯಲ್ಲಿ ಗುರುತು ಮಾಡಿ ಕಳಿಸುತ್ತೇವೆ. ನಮ್ಮದಕ್ಕೆ ಮುಂದಿನ ಅಂಚಿನಿಂದ ಅಗಲದ ನೂರಕ್ಕೆ ಮೂವತ್ತು, 5.4 ಸೆಂ.ಮೀ. ಆಮೇಲೆ ಬೆಳಗ್ಗೆ ಆರೂವರೆಗೆ, ಗಾಳಿ ಏಳುವ ಮುಂಚೆ, ಕೆರೆ ಅಂಗಳದಲ್ಲಿ ಒಂದೊಂದನ್ನೂ ಕೈಯಿಂದ ಎಸೆದು ನೋಡುತ್ತೇವೆ. ಆಷಾಢದಲ್ಲಿ ಮಾತ್ರ ಬೆಳಗಿನಿಂದಲೇ ಗಾಳಿ, ಆ ತಿಂಗಳು ಕೆಲಸ ಹಿಂದೆ ಬೀಳುತ್ತದೆ. ಗಿರಾಕಿಗಳಿಗೆ ಮೊದಲೇ ಹೇಳಿಬಿಡುತ್ತೇವೆ.

ರೆಕ್ಕೆ, ಬಾಲ, ಮೂತಿ ಮೂರನ್ನೂ ಬಿಡಿಬಿಡಿಯಾಗಿ ಮಾರಿ. ನಮ್ಮ ವರಮಾನದಲ್ಲಿ ಮೂರನೇ ಒಂದು ಭಾಗ ಈಗ ಬಿಡಿಭಾಗದ್ದೇ.

ಇನ್ನು ಡಬ್ಬ. ಇಲ್ಲಿ ನಾವು ಕಳೆದುಕೊಂಡ ದುಡ್ಡು ನೆನೆದರೆ ಹೊಟ್ಟೆ ಉರಿಯುತ್ತದೆ. ಕೊರಿಯರ್‌ನವರು ಬರೀ ತೂಕ ನೋಡುವುದಿಲ್ಲ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದಷ್ಟು ಕಿಲೋಗೆ ದುಡ್ಡು ಕೇಳುತ್ತಾರೆ. ನಮ್ಮ ಮೊದಲ ಗ್ಲೈಡರ್ ಒಂದೇ ತುಂಡಿನ ರೆಕ್ಕೆಯದು. ಡಬ್ಬ 105, 22, 14. ಲೆಕ್ಕ ಹಾಕಿ, ಆರೂವರೆ ಕಿಲೋ ಆಗುತ್ತದೆ. ಒಳಗಿರುವ ಸಾಮಾನು ಒಂದು ಕಿಲೋನೂ ಇಲ್ಲ! ಹುಬ್ಬಳ್ಳಿಗೆ, ಪುಣೆಗೆ ಕಳಿಸಿದರೆ ಲಾಭವೆಲ್ಲ ಅಲ್ಲೇ ಹೋಗುತ್ತಿತ್ತು. ಕೊನೆಗೆ ತಮ್ಮ ರೆಕ್ಕೆಯನ್ನು ನಡುವೆ ಎರಡು ಮಾಡಿ, ಕಾರ್ಬನ್ ಕೊಳವೆಯಲ್ಲಿ ಸೇರುವ ಹಾಗೆ ಮಾಡಿದ. ಡಬ್ಬ 56 ಸೆಂ.ಮೀ.ಗೆ ಇಳಿಯಿತು, ಲೆಕ್ಕದ ತೂಕ ಮೂರೂವರೆ ಕಿಲೋ. ಸೇರಿಸುವ ಜಾಗಕ್ಕೆ 15 ಗ್ರಾಂ ಜಾಸ್ತಿಯಾಯಿತು, ಅದನ್ನು ಬೇರೆ ಕಡೆ ಕಡಿಮೆ ಮಾಡಿದೆವು. ಹೊರ ಊರಿನ ಆರ್ಡರ್ ಏರಿದ್ದು ಇದಾದ ಮೇಲೆ. ಮೋಟಾರ್ ಇರುವ ಮಾಡೆಲ್ ಮಾಡುವುದಾದರೆ ಲಿಪೋ ಬ್ಯಾಟರಿ ಜೊತೆಗೆ ಹಾಕಬೇಡಿ. ಅದನ್ನು ಮಾಮೂಲಿ ಪಾರ್ಸೆಲ್ ಥರ ವಿಮಾನದಲ್ಲಿ ಕಳಿಸಲು ಬಿಡುವುದಿಲ್ಲ.

ಕಾಗದದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಬೇರೆ ರಾಜ್ಯಕ್ಕೆ ಸರಕು ಮಾರಿದರೆ ವಹಿವಾಟು ಎಷ್ಟೇ ಚಿಕ್ಕದಿರಲಿ ಜಿಎಸ್‌ಟಿ ನೋಂದಣಿ ಬೇಕು, 40 ಲಕ್ಷ ವಹಿವಾಟಿನ ತನಕ ನೋಂದಣಿ ಬೇಡ ಅನ್ನುವ ಮಿತಿ ಅಲ್ಲಿ ನಡೆಯುವುದಿಲ್ಲ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯ, ಹಾಗಾಗಿ ಚಿಕ್ಕ ಮಕ್ಕಳಿಗೆ ಅಂತ ಮಾರುವ ಮುಂಚೆ ವಿಚಾರಿಸಿ. ಹಾರಿಸುವ ಜಾಗದ ಬಗ್ಗೆ ಗಿರಾಕಿಗೆ ಒಂದು ಚೀಟಿ ಕೊಡಿ. 2021ರ ಡ್ರೋನ್ ನಿಯಮಗಳಲ್ಲಿ ಹವ್ಯಾಸಕ್ಕೆ, ಕಣ್ಣಳತೆಯಲ್ಲೇ ಹಾರಿಸುವ, 25 ಕೆ.ಜಿ. ಒಳಗಿನ ಮಾದರಿಗೆ ಟೈಪ್ ಸರ್ಟಿಫಿಕೇಟ್, ಅಂದರೆ ಆ ಮಾಡೆಲ್‌ಗೆ ಸರ್ಕಾರದ ಒಪ್ಪಿಗೆ ಪತ್ರ, ಬೇಡ. ಆದರೆ ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಅಂತ ತೋರಿಸುವ ಕೆಂಪು, ಹಳದಿ, ಹಸಿರು ವಲಯದ ನಕ್ಷೆ ನೋಡಲೇಬೇಕು. ನಮ್ಮ ಜಿಲ್ಲೆಯಲ್ಲಂತೂ ಬಿದರೆಹಳ್ಳ ಕಾವಲ್‌ನಲ್ಲಿ 2023ರಿಂದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. ದೇವರಾಯನದುರ್ಗದ ಗಾಳಿ ಚೆನ್ನಾಗಿದೆ ಅಂತ ಹೋಗಬೇಡಿ, ಅದು ಕಾಡು. ರಾಗಿ ಕೊಯ್ದ ಹೊಲ ಸಾಕು.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಇವತ್ತೇ ಮಾಡಿಸಿ, ದುಡ್ಡು ಕೊಡಬೇಕಿಲ್ಲ. ಇದನ್ನು ಒತ್ತಿ ಹೇಳಲು ಕಾರಣ ಇದೆ. ಮೂರನೇ ವರ್ಷ ಒಬ್ಬ ದೊಡ್ಡ ಖರೀದಿದಾರರು ಒಟ್ಟಿಗೆ 60 ಗ್ಲೈಡರ್ ತಗೊಂಡರು. ನಮಗೋ ಹಬ್ಬ. ದುಡ್ಡು ಬಂದಿದ್ದು ಏಳು ತಿಂಗಳಿಗೆ. ಅಷ್ಟು ದಿನ ಫೋಮ್ ತರಲು ಅಮ್ಮನ ಬಳೆ ಅಡ ಇಟ್ಟೆವು. ನೋಂದಣಿ ಇದ್ದರೆ 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆಯ ಪ್ರಕಾರ ಖರೀದಿದಾರರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಡವಾದರೆ ಬಡ್ಡಿ ಕೇಳಬಹುದು, ಸರ್ಕಾರದ ಎಂಎಸ್‌ಎಂಇ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಆಗ ನಮಗೆ ನೋಂದಣಿಯೇ ಇರಲಿಲ್ಲ. ಈಗ ದೊಡ್ಡ ಆರ್ಡರ್‌ಗೆ ಅರ್ಧ ಹಣ ಮುಂಗಡ ತಗೊಳ್ಳದೆ ತಂತಿ ಬಿಸಿ ಮಾಡುವುದಿಲ್ಲ.

ಹಾಗಾದರೆ ನಾವು ಮಷೀನ್ ಯಾಕೆ ತಗೊಂಡೆವು? ವೇಗಕ್ಕಲ್ಲ. ಬಿಡಿ ರೆಕ್ಕೆಗೆ. ಕೈಯಲ್ಲಿ ಕೊಯ್ದ ರೆಕ್ಕೆ ಒಂದರ ಹಾಗೆ ಒಂದಿರುವುದಿಲ್ಲ. ಬಳ್ಳಾರಿಯವರು ಎರಡು ವರ್ಷದ ಹಿಂದೆ ತಗೊಂಡ ಗ್ಲೈಡರ್‌ಗೆ ಇವತ್ತು ಕಳಿಸಿದ ರೆಕ್ಕೆ ಉಜ್ಜದೆ, ಕೆತ್ತದೆ ಕೂರಬೇಕು. ಅದು ಕೈಯಿಂದ ಆಗಲಿಲ್ಲ. ಬಿಡಿಭಾಗದ ಆರ್ಡರ್ ತಿಂಗಳಿಗೆ ಐವತ್ತು ದಾಟಿದಾಗ ಸರ್ಕಾರದ ಮುದ್ರಾ ಸಾಲ ಯೋಜನೆಯ ಕಿಶೋರ ವರ್ಗದಲ್ಲಿ ಸಾಲ ತಗೊಂಡೆವು. 50 ಸಾವಿರದಿಂದ 5 ಲಕ್ಷದವರೆಗೆ ಅದರಲ್ಲೇ ಸಿಗುತ್ತದೆ. ಕಂತು ಬಿಡಿಭಾಗದ ದುಡ್ಡಿನಲ್ಲೇ ಹೋಗುತ್ತಿದೆ.

ನಿಮಗೆ ಇನ್ನೂ ಮಷೀನಿನ ಕಡೆ ಮನಸ್ಸಿದ್ದರೆ ನಿಮ್ಮ ಸನ್‌ಮೈಕಾ ಪಟ್ಟಿಗಳನ್ನೂ ಫೋಮನ್ನೂ ತಗೊಂಡು ನಮ್ಮ ಶೆಡ್‌ಗೆ ಬನ್ನಿ. ಮಂಗಳವಾರ ಮಷೀನ್ ಖಾಲಿ ಇರುತ್ತದೆ. ಹತ್ತು ಜೊತೆ ರೆಕ್ಕೆ ಕೊಯ್ದು ಕೊಡುತ್ತೇನೆ. ಅವು ಒಣಗಿ, ಡಬ್ಬ ಸೇರಿ, ಮಾರಾಟ ಆಗಲು ಎಷ್ಟು ದಿನ ಹಿಡಿಯಿತು ಅಂತ ಆ ನೋಟ್‌ಬುಕ್‌ನಲ್ಲಿ ಬರೆದುಕೊಂಡು, ಆಮೇಲೆ ಬ್ಯಾಂಕಿಗೆ ಹೋಗಿ.